ಮಾದಲಿಯಲ್ಲಿ ಹುದುಗಿಸಿದ ಫ್ಲಾಪಿ

ನನ್ನ ಮೊಮ್ಮಗಳ ಹುಟ್ಟುಹಬ್ಬ ಬಂತೆಂದರೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಹಿಗ್ಗುವವಳು ನಾನು. ಬೆಳಿಗ್ಗೆ ಎದ್ದು ಅಂಗಳ ಸಾರಿಸಿ, ಹಾಲು ತರಲು ಹೊರಟವರನ್ನೆಲ್ಲ ಓಣಿಯಲ್ಲಿ ನಿಲ್ಲಿಸಿ ಹೇಳುತ್ತೇನೆ. ಅವಳು ಈಗ ಕಾಲೇಜು ಮೆಟ್ಟಿಲು ಹತ್ತಿದ್ದಾಳೆ, ಅವಳಿಗೆ ನಾಚಿಕೆ. "ಆಯಿ, ಸಾಕ್ ಮಾಡಬೇ, ನಾನೇನ್ ಸಣ್ಣ ಕೂಸೇನು?" ಅನ್ನುತ್ತಾಳೆ. ಅಂದರೂ ಸಂಜೆ ನನ್ನ ತೊಡೆಯ ಮೇಲೆ ತಲೆಯಿಟ್ಟು, "ನಾ ಹುಟ್ಟಿದ ದಿನ ಏನೇನಾತು ಹೇಳು" ಎಂದು ಕೇಳುವುದನ್ನು ಮಾತ್ರ ಬಿಟ್ಟಿಲ್ಲ.

ನಾನು ಹೇಳುತ್ತೇನೆ. ಸಿಂದಗಿಯ ಆಸ್ಪತ್ರೆಯ ಕಿಟಕಿಯಲ್ಲಿ ಆಗಷ್ಟೇ ಬಿಸಿಲು ಬಿದ್ದಿತ್ತು, ನರ್ಸಬಾಯಿ ಹೊರಗೆ ಬಂದು, "ಲಕ್ಷ್ಮಿ ಬಂದ್ಲು ನೋಡವಾ" ಅಂದಳು. ಎರಡೂ ಮುಷ್ಟಿ ಬಿಗಿ ಹಿಡಿದಿದ್ದಿ, ತಲೆಯ ತುಂಬ ಕೂದಲಿತ್ತು, ಅತ್ತಿದ್ದು ಆಚೆ ಬಸ್‌ಸ್ಟ್ಯಾಂಡಿನವರೆಗೆ ಕೇಳಿತು. ಆಮೇಲೆ ನಾನು ಬಸ್ಸು ಹತ್ತಿ ಬಾಗೇವಾಡಿಗೆ ಹೋಗಿ, ಅಲ್ಲಿಯವರಿಗೆಲ್ಲ ಹೇಳಿ, ಸಿಹಿ ತಿನ್ನಿಸಿದೆ. "ಆಮ್ಯಾಲ?" ಅನ್ನುತ್ತಾಳೆ. "ಆಮ್ಯಾಲೇನು, ಎಲ್ಲಾರೂ ತಿಂದ್ರು, ಬಾಯಿ ಒರಸ್ಕೊಂಡ್ರು" ಎಂದು ಅಲ್ಲಿಗೆ ನಿಲ್ಲಿಸುತ್ತೇನೆ. ಇಷ್ಟು ವರ್ಷವೂ ಅಲ್ಲಿಗೇ ನಿಲ್ಲಿಸಿದ್ದೇನೆ. ಉಳಿದದ್ದು ಬಾಯಿಂದ ಬರುವುದಿಲ್ಲ. ಅದಕ್ಕೆ ಬರೆಯಲು ಕೂತಿದ್ದೇನೆ. ಮೂರನೆಯ ಇಯತ್ತೆಯವರೆಗೆ ಕಲಿತವಳು, ಒತ್ತಕ್ಷರ ತಪ್ಪಿದರೆ ಓದುವವರು ತಿದ್ದಿಕೊಳ್ಳಬೇಕು. ಉಳಿದ ತಪ್ಪನ್ನು ತಿದ್ದಲು ಬರುವುದಿಲ್ಲ.

ಆಗ ನಾನು ಸಿಂದಗಿಯಲ್ಲಿ ಒಂದು ಪಾರ್ಸಲ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಚಾವಣಿಯ ಉದ್ದನೆಯ ಕೋಣೆ, ಮುಂದೆ ಲಾರಿ ನಿಲ್ಲುವ ಜಾಗ. ಸಿಂದಗಿಯದು ದೊಡ್ಡ ಆಫೀಸು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಒಂದೊಂದು ಸಣ್ಣದು. ಬಟ್ಟೆಯ ಗಂಟು, ಔಷಧದ ಪೆಟ್ಟಿಗೆ, ಪಂಪ್‌ಸೆಟ್ಟಿನ ಸಾಮಾನು, ಶಾಲೆಯ ಪುಸ್ತಕ, ಎಲ್ಲವೂ ಈ ನಾಲ್ಕು ಊರಿನ ನಡುವೆ ಓಡಾಡುತ್ತಿದ್ದವು. ಕಸ ಹೊಡೆಯುವುದು, ಚಹಾ ಮಾಡುವುದು, ಚೀಟಿಯ ಮೇಲಿನ ಊರಿನ ಹೆಸರು ನೋಡಿ ಪಾರ್ಸಲ್ಲನ್ನು ಆಯಾ ಮೂಲೆಗೆ ಹಾಕಿಸುವುದು ನನ್ನ ಕೆಲಸ. ಎಲ್ಲರೂ ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಮ್ಯಾನೇಜರ್ ಸಾಹೇಬರೂ ಮೌಶಿ ಅಂತಲೇ ಕರೆಯುತ್ತಿದ್ದರು.

ಎರಡು ಸಾವಿರದ ಇಸವಿ ಹತ್ತಿರ ಬಂದಾಗ ನಾಲ್ಕೂ ಆಫೀಸಿಗೆ ಒಂದೊಂದು ಕಂಪ್ಯೂಟರು ಬಂತು. ಪಾರ್ಸಲ್ಲಿನ ರಸೀದಿಗೆ ನಮ್ಮಲ್ಲಿ ಬಿಲ್ಟಿ ಅನ್ನುತ್ತಾರೆ. ಆ ಬಿಲ್ಟಿಯನ್ನು ಇನ್ನು ಕೈಯಿಂದ ಬರೆಯಬೇಕಾಗಿಲ್ಲ, ಮಶೀನೇ ಮುದ್ರಿಸಿ ಕೊಡುತ್ತದೆ ಎಂದರು. ಅದಕ್ಕೆ ಬೇಕಾದ ಪ್ರೋಗ್ರಾಮು ಬರೆಯಲು ವಿಜಾಪುರದಿಂದ ಒಬ್ಬರು ಬರುತ್ತಿದ್ದರು. ತೆಳ್ಳನೆಯ ಮನುಷ್ಯ, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದ್ದರು. ನಾವೆಲ್ಲ ಅವರಿಗೆ ಕಂಪ್ಯೂಟರ್ ಸರ್ ಅನ್ನುತ್ತಿದ್ದೆವು. ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಹೋಗುವುದು? ನಾನೇ ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿದು ಹಾಕುತ್ತಿದ್ದೆ. ಅವರ ಪ್ರೋಗ್ರಾಮು ಮೊದಲ ಸಲ ಸರಿಯಾಗಿ ನಡೆದ ದಿನ ನಾನು ಗೋದಿ ಹುಗ್ಗಿ ಮಾಡಿದ್ದೆ. ಎರಡು ತಾಟು ತಿಂದು, ಕೈ ತೊಳೆಯುತ್ತಾ, "ಇದಕ್ಕೊಂದು ಹೆಸರು ಇಡಬೇಕಲ್ಲರಿ ಮೌಶಿ. ಹುಗ್ಗಿ ಅಂತ ಇಡೋಣ" ಅಂದರು. ಚೇಷ್ಟೆ ಎಂದುಕೊಂಡೆ. ಪ್ರೋಗ್ರಾಮು ತುಂಬಿ ತರುವ ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ತುಂಡಿಗೆ ಫ್ಲಾಪಿ ಅನ್ನುತ್ತಾರೆ, ಅದರ ಮೇಲಿನ ಬಿಳಿ ಚೀಟಿಯಲ್ಲಿ ಕನ್ನಡದಲ್ಲಿ 'ಹುಗ್ಗಿ' ಎಂದು ಬರೆದರು. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ನನ್ನ ಕೈಯಡಿಗೆಯ ಹೆಸರು ಕಂಪ್ಯೂಟರಿನ ಸಾಮಾನಿನ ಮೇಲೆ!

ಅಲ್ಲಿಂದ ಅದು ಪದ್ಧತಿಯೇ ಆಯಿತು. ಪ್ರೋಗ್ರಾಮು ತಿದ್ದಿ ಹೊಸದು ತಂದಾಗಲೆಲ್ಲ ಆ ವಾರ ನಾನು ಮಾಡಿದ ಸಿಹಿಯ ಹೆಸರು. ಎರಡನೆಯದು ಶೇಂಗಾ ಹೋಳಿಗೆ. ಮೂರನೆಯದು ಕರಿಗಡಬು. ಫ್ಲಾಪಿಯನ್ನು ಊರೂರಿಗೆ ಒಯ್ಯುವವಳೂ ನಾನೇ, ಸಿಹಿಯ ಡಬ್ಬಿ ಒಯ್ಯುವವಳೂ ನಾನೇ. ಹೊಸದನ್ನು ಮಶೀನಿಗೆ ಹಾಕಿ, ಮೊದಲ ಬಿಲ್ಟಿ ಮುದ್ರಿಸಿ ತೆಗೆದು, ಅದನ್ನು ತಾಟಿನ ಕೆಳಗೆ ಹಾಸಿ, ಆಮೇಲೆ ಡಬ್ಬಿ ತೆರೆದು ಸಿಹಿ ಹಂಚಬೇಕು. ಬಿಲ್ಟಿ ಬರುವ ಮೊದಲು ಡಬ್ಬಿ ತೆರೆಯುವಂತಿಲ್ಲ. ಹೀಗಾಗಿ ಆಫೀಸಿನ ಮಾತೆಲ್ಲ ಅಡುಗೆಮನೆಯ ಮಾತಾಗಿತ್ತು. ಇಂಡಿಯಿಂದ ಫೋನು ಬರುತ್ತಿತ್ತು: "ಸರ್, ಹೋಳಿಗಿ ಹಾಕಿದ ಮ್ಯಾಲ ಮಶೀನ್ ಭಾಳ ಸಾವಕಾಶ ಆಗೇತ್ರಿ. ಹೋಳಿಗಿ ತಗದು ಮತ್ತ ಹುಗ್ಗಿನ ಹಾಕಿ ಕೊಡ್ರಿ." ಪಾರ್ಸಲ್ ಬಿಡಿಸಿಕೊಳ್ಳಲು ಬಂದ ಅಗರಖೇಡದ ಮುದುಕನೊಬ್ಬ ಇದನ್ನು ಕೇಳಿ, "ಏನ್ರಪಾ, ಇಲ್ಲಿ ಖಾನಾವಳಿ ಯಾವಾಗ ತಗದ್ರಿ?" ಅಂದಿದ್ದನಂತೆ. ನಕ್ಕು ನಕ್ಕು ಸಾಕಾಗುತ್ತಿತ್ತು. ಆ ನಗೆಯಲ್ಲೆಲ್ಲ ನನ್ನ ಪಾಲು ಇತ್ತು. ನನಗೆ ಬಹಳ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಬಾಗೇವಾಡಿಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರಲು ಒಬ್ಬ ಹುಡುಗಿಯನ್ನು ತೆಗೆದುಕೊಂಡಿದ್ದರು. ಇಪ್ಪತ್ತಮೂರೋ ನಾಲ್ಕೋ ವಯಸ್ಸು. ಅಪ್ಪ ಅದೇ ಊರಿನಲ್ಲಿ ಟೇಲರು. ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು, ಒಂದೂವರೆ ವರ್ಷಕ್ಕೆ ತವರಿಗೆ ಬಂದಿದ್ದಳು. ಎಡಗೈಯ ಒಂದು ಬೆರಳು ಮಡಚುತ್ತಿರಲಿಲ್ಲ. ಅದನ್ನು ಮೇಲೆತ್ತಿ ಹಿಡಿದೇ ಉಳಿದ ಬೆರಳುಗಳಿಂದ ಟಕಟಕ ಹೊಡೆಯುತ್ತಿದ್ದಳು. ಏನಾಗಿತ್ತೆಂದು ಕೇಳಿದ್ದಕ್ಕೆ, "ಬಾಗಲದಾಗ ಸಿಕ್ಕಿತ್ತು ಮೌಶಿ" ಅಂದಳು. ಬಾಗಿಲು ಹಾಕಿದವರು ಯಾರು ಎಂದು ನಾನು ಕೇಳಲಿಲ್ಲ. ಗೊತ್ತಾಗುತ್ತದಲ್ಲ.

ಕರಿಗಡಬಿನ ದಿನ ನನ್ನ ಪಕ್ಕದಲ್ಲಿ ಕೂತು ತಿನ್ನುತ್ತಾ ತಾನೇ ಹೇಳಿದಳು.

"ಮೂರು ತಿಂಗಳು ನೋಡಿ ಆಮ್ಯಾಲ ಕಾಯಂ ಮಾಡ್ತೇವಿ ಅಂದಾರ ಮೌಶಿ. ಕಾಯಂ ಆದ್ರ ಇಲ್ಲೇ ಇರು, ಇಲ್ಲಂದ್ರ ನಿನ್ನ ಗಂಡನ ಮನಿಗಿ ನಡಿ ಅಂದಾನ ಅಪ್ಪ. ಓಣ್ಯಾಗ ಮಂದಿ ಮಾತಾಡೂದು ಅವಗ ತಡಕೊಳ್ಳಾಕ ಆಗವಲ್ದು."

"ಆಗ್ತೈತಿ ಬಿಡವಾ. ನಿನ್ನಷ್ಟು ಚಲೋ ಮಾಡೂರು ಯಾರದಾರ?" ಅಂದೆ ನಾನು.

"ನಿಮ್ಮ ಬಾಯಾಗ ಸಕ್ಕರಿ ಬೀಳ್ಲಿ" ಎಂದು ನಕ್ಕಳು.

ನಾಲ್ಕನೆಯದರ ಹೆಸರು ಮಾದಲಿ. ಗೋದಿ ಹಿಟ್ಟಿನ ಚಪಾತಿಯನ್ನು ಗರಿಗರಿಯಾಗಿ ಬೇಯಿಸಿ, ಕುಟ್ಟಿ ಪುಡಿ ಮಾಡಿ, ಬೆಲ್ಲ, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಬೆರೆಸುತ್ತೇವೆ. ತಿನ್ನುವಾಗ ಮೇಲೆ ಹಾಲು ತುಪ್ಪ. ಬಿರುಬೇಸಿಗೆಯ ದಿನ, ಮಾದಲಿಯಾದರೆ ಕೆಡುವುದಿಲ್ಲ ಎಂದು ಹಿಂದಿನ ದಿನವೇ ದೊಡ್ಡ ಸ್ಟೀಲ್ ಡಬ್ಬಿ ತುಂಬಿಸಿ ಇಟ್ಟಿದ್ದೆ. ಕಂಪ್ಯೂಟರ್ ಸರ್ ಫ್ಲಾಪಿಯನ್ನು ಅದರ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟು, ಯಾವಾಗಲೂ ಹೇಳುವುದನ್ನೇ ಹೇಳಿದರು: "ಬಿಸಲಿಗಿ ಹಿಡೀಬ್ಯಾಡ್ರಿ, ನೀರು ತಾಗಸಬ್ಯಾಡ್ರಿ, ತಿನ್ನೂ ಸಾಮಾನಿನ ಹತ್ರ ಇಡಬ್ಯಾಡ್ರಿ." ನಾಳೆ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ, ನಾಡಿದ್ದು ಇಂಡಿ ಎಂದು ಗೊತ್ತಾಗಿತ್ತು.

ಆ ನಾಳೆಯ ಬೆಳಿಗ್ಗೆಯೇ ನನ್ನ ಮಗಳು ಹೆತ್ತಳು.

ರಜೆ ಕೇಳಿದ್ದರೆ ಕೊಡುತ್ತಿದ್ದರು. ನನ್ನ ಅಕ್ಕ ಬಾಣಂತಿಯ ಹತ್ತಿರ ಇದ್ದಳು, ಅವಳೂ, "ಇವತ್ತೊಂದಿನ ನಿಲ್ಲಬಾರ್ದೇನ" ಅಂದಳು. ನಿಲ್ಲುವುದು ಹೇಗೆ? ನನ್ನ ಎದೆಯಲ್ಲಿ ಹಿಡಿಸದಷ್ಟು ಸಂತೋಷ. ಊರೂರಿಗೆ ಹೋಗಿ ಹೇಳದಿದ್ದರೆ ಅದು ನನ್ನನ್ನು ಕೂರಗೊಡುತ್ತಿರಲಿಲ್ಲ. ಕೂಸಿಗೆ ತೇಯಲು ಬಜೆ, ಅರಿಶಿಣದ ಕೊಂಬು ತಂದಿದ್ದೆ. ಅವನ್ನು ಹಾಕಿಡಲು ಸ್ವಚ್ಛವಾದ ಡಬ್ಬಿ ಬೇಕಿತ್ತು. ಚೀಲದಲ್ಲಿ ಕೈಹಾಕಿದೆ, ಫ್ಲಾಪಿಯ ಡಬ್ಬಿ ಸಿಕ್ಕಿತು. ಎಷ್ಟು ಚೊಕ್ಕ ಇತ್ತು! ಫ್ಲಾಪಿ ತೆಗೆದು, ಬಜೆ ಕೊಂಬು ಅದರೊಳಗಿಟ್ಟು ಬಾಣಂತಿಯ ದಿಂಬಿನ ಹತ್ತಿರ ಇಟ್ಟೆ. ಫ್ಲಾಪಿಗೆ ಉಳಿದದ್ದು ಒಂದು ತೆಳು ಕಾಗದದ ಲಕೋಟೆ.

ಬಸ್ಸಿನಲ್ಲಿ ಕೂತಾಗ ಭಯ ಹತ್ತಿತು. ಕಿಟಕಿಯಿಂದ ಬಿಸಿಲು ತೊಡೆಯ ಮೇಲೆ ಬೀಳುತ್ತಿತ್ತು, ಕಾಲ ಕೆಳಗಿನ ತಗಡು ಕಾದಿತ್ತು, ಪಕ್ಕದಲ್ಲಿ ಕೂತವಳ ಚೀಲ ನನ್ನ ಚೀಲವನ್ನು ಒತ್ತುತ್ತಿತ್ತು. ಫ್ಲಾಪಿ ಬಾಗಿದರೆ? ನಮ್ಮಲ್ಲಿ ಗಾಜಿನ ಬಳೆಯನ್ನೋ ತತ್ತಿಯನ್ನೋ ಊರಿಗೆ ಒಯ್ಯುವಾಗ ಜೋಳದ ಚೀಲದಲ್ಲಿ ಹುದುಗಿಸಿ ಒಯ್ಯುತ್ತೇವೆ. ಕಾಳಿನ ನಡುವೆ ಇದ್ದದ್ದು ಒಡೆಯುವುದಿಲ್ಲ, ಕಾಯುವುದೂ ಇಲ್ಲ. ನನ್ನ ತಾಯಿ ಹಾಗೆ ಒಯ್ದಳು, ಅವಳ ತಾಯಿಯೂ ಹಾಗೇ ಒಯ್ದಳು. ನಾನು ಮಾದಲಿಯ ಡಬ್ಬಿ ತೆರೆದು, ನಡುವೆ ಕೈಯಿಂದ ತಗ್ಗು ಮಾಡಿ, ಲಕೋಟೆ ಸಮೇತ ಫ್ಲಾಪಿಯನ್ನು ಅದರಲ್ಲಿಟ್ಟು, ಮೇಲೆ ಮಾದಲಿ ಮುಚ್ಚಿ ಮುಚ್ಚಳ ಹಾಕಿದೆ. ತಿನ್ನುವ ಸಾಮಾನಿನ ಹತ್ತಿರ ಇಡಬೇಡಿ ಅಂದಿದ್ದು ನೆನಪಿರಲಿಲ್ಲವೇ? ನೆನಪಿತ್ತು. ಎಣ್ಣೆ ತುಪ್ಪಕ್ಕೆ ಹಾಗಂದಿರಬೇಕು, ಇದು ಒಣಗಿದ್ದು ಎಂದುಕೊಂಡೆ. ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ, ಮುಂದಿನ ದಾರಿಯೆಲ್ಲ ಅಪರಿಚಿತರಿಗೂ ಮೊಮ್ಮಗಳ ಸುದ್ದಿ ಹೇಳುತ್ತಾ ಹೋದೆ.

ಬಾಗೇವಾಡಿಯ ಆಫೀಸಿನ ಹೊರಗೆ ನೀರಿನ ಹರವಿಯ ಹತ್ತಿರ ನಿಂತು ಫ್ಲಾಪಿ ಹೊರಗೆ ತೆಗೆದೆ. ಲಕೋಟೆಯ ಬಾಯಿ ಬಿಚ್ಚಿಕೊಂಡು ಒಳಗೆಲ್ಲ ಪುಡಿ ಹೊಕ್ಕಿತ್ತು. ಸೆರಗಿನಿಂದ ಎರಡು ಸಲ ಒರೆಸಿದೆ. ಫ್ಲಾಪಿಗೆ ಒಂದು ಸಣ್ಣ ತಗಡಿನ ಬಾಗಿಲಿರುತ್ತದೆ, ಅತ್ತ ಇತ್ತ ಸರಿಯುತ್ತದೆ. ಅದರ ಅಂಚಿನಲ್ಲಿ ಬೆಲ್ಲದ ಬಣ್ಣ ಕಂಡಿತು. ಕಂಡಿತು, ಮತ್ತೆ ಒರೆಸಿದೆ, ಒಳಗೆ ಹೋದೆ. ನನಗೆ ಆಗಲೇ ಅನುಮಾನ ಬಂದಿತ್ತು.

ಒಳಗೆ ಹೋದವಳು ಪದ್ಧತಿಯನ್ನೂ ಮರೆತೆ. ಬಿಲ್ಟಿ ಬರುವ ಮೊದಲೇ ಡಬ್ಬಿ ತೆರೆದು, "ಮೊಮ್ಮಗಳು ಹುಟ್ಯಾಳ! ನನ್ನ ಮಗಳಿಗಿ ಹೆಣ್ಣಾತು!" ಎಂದು ಎಲ್ಲರ ಕೈಗೂ ಮಾದಲಿ ಹಾಕಿದೆ. ಹಮಾಲರು, ಲಾರಿ ಡ್ರೈವರು, ಪಾರ್ಸಲ್ ಬಿಡಿಸಲು ಬಂದವರು, ಎಲ್ಲರೂ ಬಾಯಿ ತುಂಬಿಕೊಂಡು ಶಹಬ್ಬಾಸ್ ಅಂದರು. ಆ ಹುಡುಗಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಮೌಶಿ ಹೋಗಿ ಆಯಿ ಆದ್ರಿ!" ಅಂದಳು. ಆಮೇಲೆ ಫ್ಲಾಪಿ ತೆಗೆದುಕೊಂಡು, ಅದರ ಅಂಚಿಗೆ ಬಾಯಿಂದ ಒಮ್ಮೆ ಉಫ್ ಎಂದು ಊದಿ, ಮಶೀನಿಗೆ ಹಾಕಿದಳು.

ಬೀಸುವ ಕಲ್ಲಿನಲ್ಲಿ ಮರಳು ಸಿಕ್ಕಂತಹ ಸಪ್ಪಳ ಬಂತು. ಕರಕರ ಕರಕರ. ಅವಳು ಹೊರಗೆ ತೆಗೆದಳು, ನೋಡಿದಳು, ಮತ್ತೆ ಹಾಕಿದಳು. ಮತ್ತೆ ಅದೇ ಸಪ್ಪಳ, ಆಮೇಲೆ ಅದೂ ಇಲ್ಲ. ಪರದೆಯ ಮೇಲಿನ ಅಕ್ಷರಗಳು ನಿಂತಲ್ಲೇ ನಿಂತವು. ಹಳೆಯ ಕರಿಗಡಬು ಅರ್ಧ ಅಳಿಸಿಹೋಗಿತ್ತು, ಹೊಸ ಮಾದಲಿ ಒಳಗೆ ಬಂದಿರಲಿಲ್ಲ. ಮಶೀನು ಯಾವುದಕ್ಕೂ ಏಳಲಿಲ್ಲ. ಅಷ್ಟರಲ್ಲಿ ಲಾರಿಯೊಂದು ಬಂದು ನಿಂತು ಹಾರನ್ ಹೊಡೆಯತೊಡಗಿತು.

ಅವಳು ಸಿಂದಗಿಗೆ ಫೋನು ಮಾಡಿದಳು. ಮ್ಯಾನೇಜರ್ ಸಾಹೇಬರು ಗದರಿದ್ದು ನನಗೂ ಕೇಳುತ್ತಿತ್ತು. ಆಮೇಲೆ, "ಮೌಶಿಗೆ ಕೊಡು" ಅಂದರು. ನಾನು ರಿಸೀವರ್ ಹಿಡಿದೆ. ಅವಳು ಒಂದು ಮಾರು ದೂರದಲ್ಲಿ ನಿಂತಿದ್ದಳು.

"ಮೌಶಿ, ನೀ ಅಲ್ಲೇ ಇದ್ದೆಲ್ಲ. ಏನ್ ಮಾಡಿದ್ಳು ಆಕಿ?"

ನಾನು ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ. "ನನಗೇನ್ ತಿಳೀತೈತ್ರಿ ಸಾಹೇಬ್ರ, ಓದು ಬರಹ ಇಲ್ದಾಕಿ ನಾ. ಆಕಿ ನಡುವ ಒಮ್ಮೆ ತಗದು ಮತ್ತ ಹಾಕಿದ್ಳ್ರಿ."

ಒಂದು ಸುಳ್ಳೂ ಇಲ್ಲ ಅದರಲ್ಲಿ. ತೆಗೆದಿದ್ದಳು, ಹಾಕಿದ್ದಳು. ಅದಕ್ಕೇ ಅದು ಸುಳ್ಳಿಗಿಂತ ಕೆಟ್ಟದ್ದು. "ನಡುವ ತಗೀಬಾರದು ಅಂತ ನೂರು ಸಲ ಹೇಳೇವಿ" ಎಂದು ಸಾಹೇಬರು ಫೋನಿಟ್ಟರು. ಓದು ಬರಹ ಇಲ್ಲದವಳು ಎಂದು ಯಾರಾದರೂ ಹೀಯಾಳಿಸಿದರೆ ಸಿಟ್ಟಿಗೇಳುತ್ತಿದ್ದವಳು ನಾನು, ಆ ದಿನ ಅದನ್ನೇ ಕೌದಿಯ ಹಾಗೆ ಹೊದ್ದುಕೊಂಡೆ. ಹುಡುಗಿ ನನ್ನನ್ನು ನೋಡಿದಳು. ಹಳೆಯ ಬಿಲ್ಟಿ ಪುಸ್ತಕ ಹುಡುಕಿ, ಧೂಳು ಝಾಡಿಸಿ, ಕೈಯಿಂದ ಬರೆಯಲು ಕೂತಳು.

ಮುದ್ದೇಬಿಹಾಳಕ್ಕೆ ಹೋಗುವುದು ರದ್ದಾಯಿತು. ದೇವರ ಹಿಪ್ಪರಗಿಯಲ್ಲಿ ಬಸ್ಸಿಗೆ ಕಾಯುತ್ತಾ ವಾಪಸು ತಂದಿದ್ದ ಫ್ಲಾಪಿಯ ತಗಡಿನ ಬಾಗಿಲನ್ನು ಉಗುರಿನಿಂದ ಸರಿಸಿದೆ. ಒಳಗೆ ಗಸಗಸೆ, ಬೆಲ್ಲದ ಹುಡಿ, ಕರಿ ಹಾಳೆಯ ಮೇಲೆ ಗೀರು. ಫ್ಲಾಪಿಯನ್ನು ಮುರಿದು, ಬಸ್‌ಸ್ಟ್ಯಾಂಡಿನ ಹಿಂದಿನ ತಿಪ್ಪೆಗೆ ಎಸೆದೆ. ಕಂಪ್ಯೂಟರ್ ಸರ್ ಕೇಳಿದಾಗ, "ಬಸ್ಸಿನ್ಯಾಗ ಎಲ್ಲೋ ಬಿತ್ರಿ" ಅಂದೆ. ಇದು ಪೂರಾ ಸುಳ್ಳು. ಬಾಗೇವಾಡಿಯ ಮಶೀನನ್ನು ವಿಜಾಪುರಕ್ಕೆ ಕಳಿಸಿದರು, ಅಲ್ಲಿಯವರು ಕೆಟ್ಟ ಭಾಗ ಕಿತ್ತು ಹೊಸದು ಹಾಕಿದರು. ಕಿತ್ತದ್ದನ್ನು ಬಿಚ್ಚಿ ನೋಡುವ ತಾಪತ್ರಯ ಯಾರಿಗೂ ಬೇಕಿರಲಿಲ್ಲ. ಹುಡುಗಿಯದೇ ತಪ್ಪೆಂದು ಎಲ್ಲರೂ ಒಪ್ಪಿಕೊಂಡಾಗಿತ್ತು.

ಯಾಕೆ ಹೇಳಲಿಲ್ಲ? ಕೆಲಸ ಹೋಗುತ್ತದೆಂಬ ಹೆದರಿಕೆ ನನಗೆ ಇರಲಿಲ್ಲ. ನನ್ನನ್ನು ಬೈದು ಬಿಡುತ್ತಿದ್ದರು, ನಕ್ಕು ಬಿಡುತ್ತಿದ್ದರು. ಆದರೆ ಆ ವಾರ ನಾನು ಎಲ್ಲಿ ಹೋದರೂ ಜನ ನನ್ನ ಮುಖ ನೋಡಿ ಹಿಗ್ಗುತ್ತಿದ್ದರು. ಆಯಿ ಆದಿ, ಪುಣ್ಯವಂತಿ ಅನ್ನುತ್ತಿದ್ದರು. ಆ ಹಿಗ್ಗಿನ ನಡುವೆ ನಿಂತು, ನಾನೇ ಕೆಡಿಸಿದೆ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಕೂಸಿನ ಕಾಲು ಮೂಸುತ್ತಾ, ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತಿದ್ದೆ. ಎಷ್ಟು ಸಣ್ಣ ಕಾಲು, ಎಷ್ಟು ಬಿಸಿ! ನಾಳೆ ಬಂದರೆ ಮತ್ತೆ ಅದೇ ಕಾಲು.

ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿದೆವು. ನಾಲ್ಕೂ ಆಫೀಸಿಗೆ ಹೇಳಿ ಕಳಿಸಿದ್ದೆ. ಬಾಗೇವಾಡಿಯಿಂದ ಅವಳೊಬ್ಬಳೇ ಬಂದಳು. ಕೂಸಿಗೊಂದು ಕುಂಚಿಗೆ ತಂದಿದ್ದಳು, ಅಪ್ಪನ ಅಂಗಡಿಯ ಚೂರು ಬಟ್ಟೆಗಳನ್ನು ಕೂಡಿಸಿ ತಾನೇ ಹೊಲಿದದ್ದು. ಕೂಸಿನ ತಲೆಗೆ ಅದನ್ನು ಹಾಕಿ ನೋಡಿ, ಹೆಂಗಸರೆಲ್ಲ ಹಾಡುತ್ತಿರುವಾಗ ನನ್ನನ್ನು ಹಿತ್ತಲಿಗೆ ಕರೆದಳು.

"ಮೌಶಿ, ಆ ಫ್ಲಾಪಿ ಮ್ಯಾಲ ಗಸಗಸಿ ಇತ್ತು. ನಾನ ಊದಿ ಹಾರಿಸಿನಿ."

ಒಳಗಿನವರಿಗೆ ಕೇಳದಂತೆ ನಾನು ಹಿತ್ತಲ ಬಾಗಿಲು ಮುಂದೆ ಮಾಡಿದೆ.

"ನಾ ಯಾರಿಗೂ ಹೇಳಿಲ್ಲ. ದೊಡ್ಡಾರ ಮ್ಯಾಲ ಹೇಳೂದು ಹ್ಯಾಂಗ? ಹೇಳಿದ್ರೂ ಯಾರು ನಂಬ್ತಾರ? ನೀವ ಹೇಳ್ರಿ ಮೌಶಿ. ನಿಮ್ಮ ಮಾತು ಸಾಹೇಬ್ರು ಕೇಳ್ತಾರ. ಶನಿವಾರಕ್ಕ ನನ್ನ ಮೂರು ತಿಂಗಳು ಮುಗೀತಾವ."

"ಹೇಳ್ತೇನವ್ವ. ನಾಳಿನ ಹೇಳ್ತೇನಿ" ಅಂದೆ.

ಅವಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ನನಗೆ ಏನನ್ನಿಸಿತು ಗೊತ್ತೇ? ಸಿಟ್ಟು ಬಂತು. ತೊಟ್ಟಿಲ ಕಾರ್ಯದ ದಿನವೇ ಬಂದು ಇದನ್ನು ಆಡಬೇಕಿತ್ತೇ, ಶುಭಕಾರ್ಯ ಕಾಣುವುದಿಲ್ಲವೇ ಅವಳಿಗೆ ಎಂದು. ಅವಳು ತಂದ ಕುಂಚಿಗೆ ಕೂಸಿನ ತಲೆಯ ಮೇಲೆ ಇರುವಾಗಲೇ ನಾನು ಹಾಗೆ ಅಂದುಕೊಂಡೆ. ಮರುದಿನ ಸಾಹೇಬರಿಗೆ ಚಹಾ ಕೊಟ್ಟೆ. "ಏನರ ಹೇಳೂದೈತೇನು ಮೌಶಿ?" ಅಂದರು, ನಾನು ಅಲ್ಲೇ ನಿಂತಿದ್ದನ್ನು ನೋಡಿ. "ಚಹಾಕ್ಕ ಸಕ್ಕರಿ ಸಾಕಾತೇನ್ರಿ ಅಂತ" ಅಂದೆ. ಶನಿವಾರ ಅವಳಿಗೆ ಸೋಮವಾರದಿಂದ ಬರುವುದು ಬೇಡ ಎಂದು ಚೀಟಿ ಹೋಯಿತು.

ಮುಂದಿನ ವಾರ ಕಂಪ್ಯೂಟರ್ ಸರ್ ಮತ್ತೆ ಮಾಡಿ ಕೊಟ್ಟ ಫ್ಲಾಪಿ ತೆಗೆದುಕೊಂಡು ನಾನು ಮುದ್ದೇಬಿಹಾಳಕ್ಕೆ ಹೊರಟೆ. ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅವಳು ಹತ್ತಿದಳು. ಹಿಂದೆ ಅವಳಪ್ಪ, ಕೈಯಲ್ಲಿ ತಗಡಿನ ಟ್ರಂಕು. ನನಗಿಂತ ಎರಡು ಸೀಟು ಮುಂದೆ ಕೂತರು. ಅವಳು ಹತ್ತುವಾಗ ನನ್ನನ್ನು ನೋಡಿದಳು, ನೋಡಿ ತಲೆ ತಗ್ಗಿಸಿದಳು. ತಲೆ ತಗ್ಗಿಸಬೇಕಾದವಳು ನಾನು. ಮಡಚದ ಆ ಬೆರಳು ಮುಂದಿನ ಸೀಟಿನ ಕಂಬಿಯ ಮೇಲೆ ನೆಟ್ಟಗೆ ನಿಂತಿತ್ತು.

ಏಳು, ಹೋಗು, ಹೇಳು ಎಂದು ನನ್ನ ಜೀವ ಒದ್ದಾಡಿತು. ಎರಡು ಸೀಟು ದಾಟಿದರೆ ಆಯಿತು. ನಿಡಗುಂದಿ ಬಂತು. ಅಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಶೇಂಗಾ ಮಾರುವವರು ಹತ್ತಿ ಇಳಿದರು. ಅವಳಪ್ಪ ಒಂದು ಪೊಟ್ಟಣ ತೆಗೆದುಕೊಂಡು ಮಗಳ ಕೈಗೆ ಕೊಟ್ಟ. ಅವಳು ತಿನ್ನಲಿಲ್ಲ. ಬಸ್ಸು ಹೊರಟಿತು. ಮುದ್ದೇಬಿಹಾಳ ಬಂತು. ಅವರು ಇಳಿದು ಊರೊಳಗೆ ಹೋದರು, ನಾನು ಇಳಿದು ಆಫೀಸಿಗೆ ಹೋದೆ. ಫ್ಲಾಪಿ ಸರಿಯಾಗಿ ಹತ್ತಿತು. ಬಿಲ್ಟಿ ಬಂತು. "ಸಿಹಿ ಎಲ್ಲೈತಿ ಮೌಶಿ?" ಅಂದರು ಅಲ್ಲಿಯವರು. ಅಂದು ನಾನು ಏನನ್ನೂ ಒಯ್ದಿರಲಿಲ್ಲ.

ಮನೆಗೆ ಬಂದು ಕೂಸನ್ನು ಎತ್ತಿಕೊಂಡೆ. ಹಲ್ಲಿಲ್ಲದ ಬಾಯಿ ತೆರೆದು ನನ್ನನ್ನೇ ನೋಡಿತು. ಹೆಣ್ಣು ಕೂಸು. ನಾಳೆ ಇದೂ ಬೆಳೆದು ಯಾರದೋ ಮನೆಗೆ ಹೋಗುತ್ತದೆ, ಅಲ್ಲಿ ಬಾಗಿಲುಗಳಿರುತ್ತವೆ ಅನ್ನಿಸಿತು. ಕೂಸನ್ನು ಅಕ್ಕನ ಕೈಗೆ ಕೊಟ್ಟುಬಿಟ್ಟೆ.

ಆದರೂ ಮತ್ತೆರಡು ದಿನ ಕಳೆದೆ. ಮೂರನೆಯ ದಿನ ಸಾಹೇಬರ ಮೇಜಿನ ಮುಂದೆ ನಿಂತು ಹೇಳಿದೆ. ಬಜೆಯ ಡಬ್ಬಿಯಿಂದ ಹಿಡಿದು ತಿಪ್ಪೆಯವರೆಗೆ ಎಲ್ಲವನ್ನೂ. ಮಾದಲಿಯಲ್ಲಿ ಹುದುಗಿಸಿದೆ ಅಂದಾಗ ಅವರಿಗೆ ತಡೆಯಲಾರದೆ ನಗು ಬಂತು. ನಕ್ಕು, ನನ್ನ ಮುಖ ನೋಡಿ, ನಿಲ್ಲಿಸಿದರು.

"ಆಕಿ ಹೊಟ್ಟಿ ಮ್ಯಾಲ ಹೊಡದಂಗಾತಲ್ಲ ಮೌಶಿ. ಮತ್ತ ಫೋನ್‌ನ್ಯಾಗ ಹಂಗ್ಯಾಕ ಅಂದಿ?"

ಸಾಹೇಬರು ಮೇಜಿನ ಖಾನೆ ಎಳೆದು ಒಂದು ಕಾಗದ ತೆಗೆದರು.

"ನಾ ಮತ್ತ ಕಾಯಂ ಅಂತ ಚೀಟಿ ಬರದು ಕೊಡ್ತೇನಿ. ತಗೊಂಡು ಬಾಗೇವಾಡಿಗಿ ಹೋಗು. ಅವರಪ್ಪಗ ನೀನ ಬಾಯಿಬಿಟ್ಟು ಹೇಳಬೇಕು. ಬರೇ ಚೀಟಿ ಕೊಟ್ಟು ಬರಬ್ಯಾಡ."

ಟೇಲರ್ ಅಂಗಡಿ ಪೇಟೆಯ ತುದಿಗಿತ್ತು. ಅವಳಪ್ಪ ಮಶೀನು ತುಳಿಯುತ್ತಿದ್ದ. ನಾನು ಹೇಳುತ್ತಾ ಹೋದೆ, ಅವನು ತುಳಿಯುತ್ತಾ ಹೋದ. ನಾನು ಮುಗಿಸಿದ ಮೇಲೂ ಹೊಲಿಗೆಯ ಸಾಲು ಮುಗಿಯುವವರೆಗೆ ನಿಲ್ಲಿಸಲಿಲ್ಲ. ದಾರ ಕಡಿದು, ಚೀಟಿಯನ್ನು ಓದಿ, ಮಡಚಿ ಜೇಬಿಗಿಟ್ಟು ತಲೆಯೆತ್ತಿದ.

"ಅವತ್ತ ಬಸ್ಸಿನ್ಯಾಗ ನೀವ ಇದ್ರೆಲ್ಲರಿ?"

"ಹೌದ್ರಿ."

"ಅಲ್ಲೇ ಹೇಳಿದ್ರ ನಾ ನಿಡಗುಂದಿಯೊಳಗ ಇಳಿಸಿಕೊಂಡು ಬರ್ತಿದ್ನೆಲ್ಲರಿ ಅಕಿನ್ನ."

ಅಷ್ಟೇ ಅಂದ. ಬೈಯಲಿಲ್ಲ. ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿ ಬಸ್‌ಸ್ಟ್ಯಾಂಡಿನ ಕಡೆಗೆ ಹೊರಟ. ನಾನು ಹಿಂದೆ ಹೋಗಲಿಲ್ಲ, ಹೋಗುವ ಮುಖ ಇರಲಿಲ್ಲ.

ಅವಳು ನಾಲ್ಕು ದಿನ ಗಂಡನ ಮನೆಯಲ್ಲಿದ್ದಳು. ಆ ನಾಲ್ಕು ದಿನದಲ್ಲಿ ಏನಾಯಿತೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗೆ ಎಲ್ಲಿಂದ ಬರಬೇಕು? ಕಂಪ್ಯೂಟರ್ ಸರ್ ಐದನೆಯ ಸಲ ತಂದ ಫ್ಲಾಪಿಯ ಚೀಟಿಯ ಮೇಲೆ ಬರೀ ಒಂದು ಅಂಕಿ ಇತ್ತು. ಅದರ ಮುಂದಿನದಕ್ಕೂ ಅಂಕಿಯೇ. ಅವರು ರೊಟ್ಟಿ ತಿಂದು, "ಬರ್ತೇನ್ರಿ" ಎಂದು ಹೋಗುತ್ತಿದ್ದರು.

ಆ ಅಂಕಿಯ ಫ್ಲಾಪಿ ಹಿಡಿದು ನಾನು ಬಾಗೇವಾಡಿಗೆ ಹೋದೆ. ಅವಳು ತನ್ನ ಜಾಗದಲ್ಲಿ ಕೂತಿದ್ದಳು. ಸ್ವಲ್ಪ ಬಡಕಲಾಗಿದ್ದಳು. ಫ್ಲಾಪಿ ತೆಗೆದುಕೊಂಡು, ತಗಡಿನ ಬಾಗಿಲು ಸರಿಸಿ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಹಾಕಿದಳು. ಮೊದಲ ಬಿಲ್ಟಿ ಬಂತು. ನಾನು, "ತಪ್ಪಾತವ್ವ" ಅಂದೆ. ದಾರಿಯುದ್ದಕ್ಕೂ ಏನೇನೋ ಕೂಡಿಸಿಕೊಂಡು ಬಂದಿದ್ದೆ, ಬಾಯಿಂದ ಬಂದದ್ದು ಅದೊಂದೇ.

ಅವಳು ಖಾನೆಯಿಂದ ಒಂದು ಖಾಲಿ ಬಿಲ್ಟಿ ತೆಗೆದು, ಹಿಂದಿನ ಬಿಳಿ ಬದಿ ಮೇಲೆ ಮಾಡಿ, ಪೆನ್ನಿನೊಡನೆ ನನ್ನ ಮುಂದೆ ಸರಿಸಿದಳು.

"ಬರದು ಕೊಡ್ರಿ."

"ಏನ್ ಬರೀಲಿ?"

"ಏನಾಗಿತ್ತೋ ಅದನ್ನ. ನಾ ಕೆಡಿಸಿದ್ದಲ್ಲ ಅಂತ. ನಾಳೆ ಮತ್ತ ಯಾರರ ಏನರ ಅಂದ್ರ ತೋರಸಾಕ ಬೇಕು ನನಗ."

"ನನಗ ಬರಿಯಾಕ..." ಎಂದು ಶುರು ಮಾಡಿದೆ.

"ಬರ್ತೈತಿ ನಿಮಗ" ಅಂದಳು, ನನ್ನ ಮುಖ ನೋಡದೆ. "ದಿನಾ ಊರಿನ ಹೆಸರು ಓದಿ ಪಾರ್ಸಲ್ ಹಚ್ಚಿ ಕಳಸ್ತೀರಿ. ಬರೀರಿ."

ನೆಲದ ಮೇಲೆ ಕೂತು, ಮರದ ಬಾಕಿನ ಮೇಲೆ ಕಾಗದವಿಟ್ಟು ಬರೆದೆ. ಮೂರನೆಯ ಇಯತ್ತೆ ಬಿಟ್ಟ ಮೇಲೆ ಒಂದು ಸಾಲಿಗಿಂತ ಹೆಚ್ಚು ಬರೆದದ್ದು ಅದೇ ಮೊದಲು. ಎರಡು ಲಾರಿ ಬಂದು ಹೋದವು, ನನ್ನದು ಮುಗಿದಿರಲಿಲ್ಲ. ಅವಳು ತನ್ನ ಕೆಲಸ ಮಾಡುತ್ತಾ ಕಾದಳು, ಅವಸರ ಮಾಡಲಿಲ್ಲ. ಕೊನೆಗೆ ಕೊಟ್ಟೆ. ತುಟಿ ಅಲ್ಲಾಡಿಸುತ್ತಾ ಪೂರ್ತಿ ಓದಿದಳು. ನಾನು ಬಸ್ಸಿನಲ್ಲಿ ಎರಡು ಸೀಟು ಹಿಂದೆ ಇದ್ದೂ ಸುಮ್ಮನಿದ್ದೆ ಎಂದು ಬರೆದ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ಕಾಗದವನ್ನು ಮತ್ತೆ ನನ್ನ ಕಡೆ ತಿರುಗಿಸಿದಳು.

"ಕೆಳಗ ತಾರೀಖು ಹಾಕ್ರಿ."

"ಯಾವುದು ಹಾಕ್ಲಿ? ಅವತ್ತಿಂದೋ, ಇವತ್ತಿಂದೋ?"

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

"ಎರಡೂ ಹಾಕ್ರಿ" ಅಂದಳು.